ದುಡ್ಡು ಕೊಟ್ಟು ಲಿಸ್ಟಿಂಗ್ ಮೇಲೆ ತರಬೇಕಾ? ಮೊದಲು ಈ ಲೆಕ್ಕ ಹಾಕಿ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ, ಎಲ್ಲೇ ಮಾರಾಟ ಶುರು ಮಾಡಿದರೂ ಸ್ವಲ್ಪ ದಿನಕ್ಕೆ ಜಾಹೀರಾತು ಹಾಕಿ ಅಂತ ಸೂಚನೆ ಬರಲು ಶುರುವಾಗುತ್ತದೆ. ಹಾಕಬೇಕಾ, ಬೇಡವಾ? ಒಂದು ಆರ್ಡರಿಗೆ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನೋದು ರೂಪಾಯಿ ಲೆಕ್ಕದಲ್ಲಿ ಗೊತ್ತಿದ್ದರೆ ಹಾಕಿ ನೋಡಿ. ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮನೆಯಲ್ಲಿ ಮಾಡಿ ಮಾರುವವರು, ಸಣ್ಣ ಬಂಡವಾಳದವರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಆರ್ಡರ್ ಜಾಸ್ತಿ ಬರುತ್ತಿರುತ್ತವೆ, ಪ್ಯಾಕ್ ಮಾಡಿ ಮಾಡಿ ಸೊಂಟ ಬಿದ್ದಿರುತ್ತದೆ, ತಿಂಗಳ ಕೊನೆಗೆ ನೋಡಿದರೆ ಖಾತೆಯಲ್ಲಿ ಮೊದಲಿಗಿಂತ ಕಡಿಮೆ ದುಡ್ಡು.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ನೀವು ಶೇಂಗಾ ಚಟ್ನಿ ಪುಡಿ ಮಾರುತ್ತೀರಿ ಅಂದುಕೊಳ್ಳಿ. ಕಾಲು ಕೆಜಿಯ ಎರಡು ಪ್ಯಾಕೆಟ್, ಒಟ್ಟು ಬೆಲೆ 399 ರೂಪಾಯಿ. ಇದರಲ್ಲಿ ಶೇ. 5ರ ಜಿಎಸ್‌ಟಿ ಸುಮಾರು 19 ರೂಪಾಯಿ ಮೊದಲೇ ಹೋಯಿತು. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸು, ಕೂಲಿ ಎಲ್ಲ ಸೇರಿ 150. ಪೌಚು, ಡಬ್ಬ, ಟೇಪು 18. ಅಮೆಜಾನ್‌ನವರ ಫೀ ಮತ್ತು ಕೊರಿಯರ್ ಸೇರಿ 110. ವಾಪಸ್ ಬಂದದ್ದು, ದಾರಿಯಲ್ಲಿ ಒಡೆದದ್ದು ಎಲ್ಲವನ್ನೂ ಸರಾಸರಿ ಹಂಚಿದರೆ ಒಂದು ಆರ್ಡರಿಗೆ 12. ಉಳಿದದ್ದು 90 ರೂಪಾಯಿ. ಕೂಲಿಯಲ್ಲಿ ನಿಮ್ಮ ಕೆಲಸಕ್ಕೂ ದುಡ್ಡು ಹಿಡಿಯಿರಿ, ಅಮ್ಮ ಹುರಿದುಕೊಡುತ್ತಾರೆ ಅಂತ ಅದನ್ನು ಸೊನ್ನೆ ಬರೆಯಬೇಡಿ.

ಆ 90 ರೂಪಾಯಿಯೇ ನಿಮ್ಮ ಗಡಿ. ಒಂದು ಆರ್ಡರ್ ತರಲು ಜಾಹೀರಾತಿಗೆ 90ಕ್ಕಿಂತ ಜಾಸ್ತಿ ಹೋದರೆ ನೀವೇ ಕೈಯಿಂದ ಹಾಕಿ ಗಿರಾಕಿಗೆ ಚಟ್ನಿ ಪುಡಿ ಕಳಿಸಿದ ಹಾಗೆ.

ಈಗ ಕ್ಲಿಕ್ಕಿನ ಲೆಕ್ಕಕ್ಕೆ ಬನ್ನಿ. ಅಮೆಜಾನ್‌ನ ಸ್ಪಾನ್ಸರ್ಡ್ ಪ್ರಾಡಕ್ಟ್ಸ್ ಅನ್ನುವ ಜಾಹೀರಾತಿನಲ್ಲಿ ನೀವು ದುಡ್ಡು ಕೊಡುವುದು ಆರ್ಡರಿಗಲ್ಲ, ಕ್ಲಿಕ್ಕಿಗೆ. ಯಾರೋ ನಿಮ್ಮ ಜಾಹೀರಾತು ಒತ್ತಿದರು, ಫೋಟೋ ನೋಡಿದರು, ಬೇಡ ಅಂತ ಹೋದರು. ಆ ಒತ್ತಿದ್ದಕ್ಕೂ ದುಡ್ಡು ಹೋಗುತ್ತದೆ. ಹಾಗಾಗಿ ನೂರು ಜನ ಒತ್ತಿದರೆ ಎಷ್ಟು ಜನ ಕೊಳ್ಳುತ್ತಾರೆ ಅನ್ನೋದು ಗೊತ್ತಿರಬೇಕು. ಹತ್ತು ಜನ ಕೊಂಡರೆ ಹತ್ತು ಆರ್ಡರಿಗೆ 900 ರೂಪಾಯಿ, ಅಂದರೆ ಒಂದು ಕ್ಲಿಕ್ಕಿಗೆ 9 ರೂಪಾಯಿ ತನಕ ಕೊಟ್ಟರೂ ನಷ್ಟವಿಲ್ಲ. ನಾಲ್ಕೇ ಜನ ಕೊಂಡರೆ ಅದು 3 ರೂಪಾಯಿ 60 ಪೈಸೆಗೆ ಇಳಿಯುತ್ತದೆ. ಇದು ನಷ್ಟವಾಗದ ಗಡಿ ಮಾತ್ರ, ಲಾಭದ್ದಲ್ಲ. ಅರ್ಧ ಲಾಭವಾದರೂ ಉಳಿಯಬೇಕು ಅಂದರೆ ಎರಡನ್ನೂ ಅರ್ಧ ಮಾಡಿಕೊಳ್ಳಿ.

ಜಾಹೀರಾತಿನ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಬೇರೆ ಇದೆ. ಮಾಮೂಲಿ ಜಿಎಸ್‌ಟಿ ನೋಂದಣಿ ಇರುವವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಸಿಗುತ್ತದೆ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಸರಿಯಾಗಿದೆಯಾ ನೋಡಿಕೊಳ್ಳಿ. 2023ರ ಅಕ್ಟೋಬರ್ 1ರಿಂದ ಕಾಂಪೊಸಿಷನ್ ಸ್ಕೀಮಿನವರೂ (ವಹಿವಾಟಿನ ಮೇಲೆ ಇಂತಿಷ್ಟು ಶೇಕಡಾ ಅಂತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು) ತಮ್ಮ ರಾಜ್ಯದೊಳಗೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಬಹುದು ಅಂತಾಯಿತಲ್ಲ, ಅಂಥವರಿಗೆ ಈ ಕ್ರೆಡಿಟ್ ಸಿಗುವುದಿಲ್ಲ. ಅವರು ಮೇಲಿನ 9 ರೂಪಾಯಿಯನ್ನು 7 ರೂಪಾಯಿ 60 ಪೈಸೆ ಅಂತಲೇ ಓದಿಕೊಳ್ಳಬೇಕು.

ರಿಪೋರ್ಟಿನಲ್ಲಿ 'ಆರ್‌ಒಎಎಸ್' ಅಂತ ಒಂದು ಅಂಕಿ ಕಾಣುತ್ತದೆ. ಒಂದು ರೂಪಾಯಿ ಜಾಹೀರಾತಿಗೆ ಎಷ್ಟು ರೂಪಾಯಿ ಮಾರಾಟ ಬಂತು ಅಂತ. ಅಲ್ಲಿ 4 ಅಂತ ನೋಡಿ ಖುಷಿಪಡುವವರು ಬಹಳ. ನಮ್ಮ ಚಟ್ನಿ ಪುಡಿಗೆ ಹಾಕಿ ನೋಡಿ: 399ನ್ನು 4ರಿಂದ ಭಾಗಿಸಿದರೆ ಒಂದು ಆರ್ಡರಿಗೆ ಜಾಹೀರಾತು ಖರ್ಚು ಹತ್ತಿರ ಹತ್ತಿರ 100 ರೂಪಾಯಿ. ಉಳಿಯುವುದು 90. ಅಂದರೆ ಪ್ರತಿ ಆರ್ಡರಿಗೂ 10 ರೂಪಾಯಿ ನಷ್ಟ! ಈ ವಸ್ತುವಿಗೆ 4.4ಕ್ಕಿಂತ ಮೇಲಿದ್ದರೆ ಮಾತ್ರ ಏನಾದರೂ ಉಳಿಯುತ್ತದೆ. ಬೇರೆಯವರು 'ನಮಗೆ 3 ಬಂದರೂ ಲಾಭ' ಅಂದರೆ ಅವರ ಮಾರ್ಜಿನ್ ಬೇರೆ, ನಿಮ್ಮದು ಬೇರೆ.

ಲೆಕ್ಕ ಆಯಿತು, ಹಾಕೋದು ಅಂತ ತೀರ್ಮಾನಿಸಿದಿರಿ. ತಡೆಯಿರಿ, ಮೊದಲು ನಿಮ್ಮ ಲಿಸ್ಟಿಂಗನ್ನು, ಅಂದರೆ ನಿಮ್ಮ ವಸ್ತುವಿನ ಪುಟವನ್ನು, ಫೋನಿನಲ್ಲಿ ಗಿರಾಕಿಯ ಹಾಗೆ ತೆರೆದು ನೋಡಿ. ಮೊದಲ ಫೋಟೋ ಸಣ್ಣ ತೆರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದಾ? ತೂಕ ಎಷ್ಟು, ಖಾರ ಎಷ್ಟು, ಬೆಳ್ಳುಳ್ಳಿ ಇದೆಯಾ ಇಲ್ಲವಾ, ಎಷ್ಟು ದಿನ ಇಡಬಹುದು ಅನ್ನೋದೆಲ್ಲ ಬರೆದಿದೆಯಾ? ಬೆಳ್ಳುಳ್ಳಿ ತಿನ್ನದ ಮನೆಯವರು ಇದೊಂದು ಸಾಲು ಸಿಗದೆ ವಾಪಸ್ ಹೋಗುತ್ತಾರೆ, ಆ ಕ್ಲಿಕ್ಕಿನ ದುಡ್ಡು ಸುಮ್ನೆ ಹೋಯಿತು. ನಾಲ್ಕಾರು ಒಳ್ಳೆಯ ವಿಮರ್ಶೆಗಳೂ ಇಲ್ಲದ ಪುಟಕ್ಕೆ ಜನರನ್ನು ಕರೆತಂದರೆ ನೂರಕ್ಕೆ ಹತ್ತು ಜನ ಕೊಳ್ಳುವುದು ಕನಸಿನ ಮಾತು. ವಿಮರ್ಶೆಗೆ ದುಡ್ಡು ಕೊಡುವ ಕೆಲಸಕ್ಕೆ ಮಾತ್ರ ಹೋಗಬೇಡಿ, ಖಾತೆಯೇ ಮುಚ್ಚಿಹೋಗಬಹುದು. ಒಂದೇ ಲಿಸ್ಟಿಂಗಿನಲ್ಲಿ ಹಲವರು ಮಾರುತ್ತಿದ್ದರೆ ಇನ್ನೊಂದು ವಿಷಯ ಇದೆ: ಅಮೆಜಾನ್‌ನಲ್ಲಿ ಬೈ ಬಾಕ್ಸ್ ನಿಮ್ಮದಾಗಿದ್ದರೆ, ಅಂದರೆ ಆ ಪುಟದಲ್ಲಿ ಕೊಳ್ಳುವ ಬಟನ್ ಒತ್ತಿದರೆ ಆರ್ಡರ್ ನಿಮಗೇ ಬರುವಂತಿದ್ದರೆ ಮಾತ್ರ ನಿಮ್ಮ ಜಾಹೀರಾತು ಕಾಣಿಸುತ್ತದೆ.

ಶುರು ಮಾಡುವಾಗ ಆಟೋಮ್ಯಾಟಿಕ್ ಕ್ಯಾಂಪೇನ್ (ಯಾವ ಹುಡುಕಾಟಕ್ಕೆ ಜಾಹೀರಾತು ತೋರಿಸಬೇಕು ಅಂತ ಅಮೆಜಾನ್ ತಾನೇ ಆರಿಸುವುದು) ಒಂದನ್ನೇ ಇಡಿ, ದಿನದ ಬಜೆಟ್ ಚಿಕ್ಕದಿರಲಿ. ಕಳೆದುಕೊಂಡರೂ ನಿದ್ದೆ ಕೆಡದಷ್ಟು ಅನ್ನಿ. ಬಿಡ್ ಅಂದರೆ ಒಂದು ಕ್ಲಿಕ್ಕಿಗೆ ನೀವು ಕೊಡಲು ಒಪ್ಪುವ ದುಡ್ಡು. ಬಿಡ್ಡಿಂಗ್ ಕೇಳಿದ ಕಡೆ 'ಡೌನ್ ಓನ್ಲಿ' ಆರಿಸಿ, ಆಗ ಅವರು ಅದನ್ನು ಇಳಿಸಬಹುದು, ಏರಿಸುವಂತಿಲ್ಲ. 'ಅಪ್ ಅಂಡ್ ಡೌನ್' ಇಟ್ಟರೆ ಹುಡುಕಾಟದ ಮೊದಲ ಸಾಲಿಗೆ ನಿಮ್ಮ ಬಿಡ್ಡನ್ನು ಅವರೇ ದುಪ್ಪಟ್ಟು ತನಕ ಏರಿಸಬಹುದು. ದಿನದ ಬಜೆಟ್ ಅನ್ನೋದೂ ತಿಂಗಳ ಸರಾಸರಿ ಲೆಕ್ಕ, ಒಂದೊಂದು ದಿನ ಅದಕ್ಕಿಂತ ಜಾಸ್ತಿ ಹೋದರೆ ಗಾಬರಿಯಾಗಬೇಡಿ. ಇನ್ನು, ಇವತ್ತು ಹಾಕಿ ಇವತ್ತೇ ಸಂಜೆ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಒತ್ತಿದವರು 7 ದಿನದೊಳಗೆ ಕೊಂಡರೂ ಅದು ಜಾಹೀರಾತಿನ ಆರ್ಡರ್ ಅಂತಲೇ ಸೇರುತ್ತದೆ, ಹಾಗಾಗಿ ಎರಡು ವಾರ ಬಿಡಿ.

ಎರಡು ವಾರವಾದ ಮೇಲೆ ಸರ್ಚ್ ಟರ್ಮ್ ರಿಪೋರ್ಟ್ ಇಳಿಸಿಕೊಳ್ಳಿ. ನನ್ನ ಮಟ್ಟಿಗೆ ಜಾಹೀರಾತಿನಿಂದ ಸಿಗುವ ಅತಿ ಬೆಲೆಬಾಳುವ ವಸ್ತು ಇದೇ. ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮ ಹತ್ತಿರ ಬಂದರು ಅನ್ನೋದು ಇಲ್ಲಿ ಸಾಲುಸಾಲಾಗಿ ಇರುತ್ತದೆ. 'ಶೇಂಗಾ ಚಟ್ನಿ' ಅಂತ ಹುಡುಕಿದವರು ಇರುತ್ತಾರೆ, 'ಶೇಂಗ್‌ದಾಣಾ ಚಟ್ನಿ' ಅಂತ ಮರಾಠಿಯಲ್ಲಿ ಹುಡುಕಿದವರು ಇರುತ್ತಾರೆ, 'ಪೀನಟ್ ಚಟ್ನಿ ಪೌಡರ್' ಅಂದವರು ಇರುತ್ತಾರೆ. ಹಾಗೆಯೇ 'ಪೀನಟ್ ಬಟರ್' ಬೇಕಾದವರು, ಮಿಕ್ಸಿಗೆ 'ಚಟ್ನಿ ಜಾರ್' ಹುಡುಕುತ್ತಿದ್ದವರೂ ಒತ್ತಿರಬಹುದು. ಕೊನೆಯ ಎರಡನ್ನು ನೆಗೆಟಿವ್ ಕೀವರ್ಡ್‌ಗೆ ಸೇರಿಸಿಬಿಡಿ, ಮುಂದೆ ಅವಕ್ಕೆ ನಿಮ್ಮ ಜಾಹೀರಾತು ಕಾಣುವುದಿಲ್ಲ. ಆರ್ಡರ್ ತಂದ ಪದಗಳನ್ನು ಬೇರೆ ಮ್ಯಾನ್ಯುವಲ್ ಕ್ಯಾಂಪೇನಿಗೆ (ಪದಗಳನ್ನು ನೀವೇ ಆರಿಸುವುದು) 'ಎಕ್ಸಾಕ್ಟ್', ಅಂದರೆ ಅದೇ ಪದ ಹುಡುಕಿದರೆ ಮಾತ್ರ, ಎಂದು ಹಾಕಿ, ಮೇಲೆ ಲೆಕ್ಕ ಹಾಕಿದ ಬಿಡ್ ಕೊಡಿ. ಅದೇ ಪದಗಳನ್ನು ಲಿಸ್ಟಿಂಗಿನ ಶೀರ್ಷಿಕೆ, ವಿವರಣೆಯಲ್ಲೂ ಸೇರಿಸಿ. ಪುಣೆಯವರು ಮರಾಠಿ ಹೆಸರಲ್ಲಿ ಹುಡುಕಿ ಕೊಳ್ಳುತ್ತಿದ್ದಾರೆ ಅಂತ ಗೊತ್ತಾದರೆ ಆ ಹೆಸರು ಪುಟದಲ್ಲಿ ಇರಬೇಕು ಅಲ್ವಾ? ಇದಕ್ಕೆ ಕಾಸು ಖರ್ಚಿಲ್ಲ, ಮುಂದೆ ಜಾಹೀರಾತು ನಿಲ್ಲಿಸಿದರೂ ಇದರ ಫಲ ಇರುತ್ತದೆ.

ಈಗ ಬಹಳ ಜನ ನೋಡದೇ ಬಿಡುವ ವಿಷಯ. ಜಾಹೀರಾತು ರಿಪೋರ್ಟಿನಲ್ಲಿ ಬರುವ ಆರ್ಡರ್‌ಗಳೆಲ್ಲ ಜಾಹೀರಾತಿನಿಂದಲೇ ಹುಟ್ಟಿದವಲ್ಲ. ನಿಮ್ಮ ಬ್ರ್ಯಾಂಡಿನ ಹೆಸರನ್ನೇ ಟೈಪ್ ಮಾಡಿ ಬಂದ ಹಳೇ ಗಿರಾಕಿಗೆ ಮೇಲೆ ಜಾಹೀರಾತು ಕಾಣುತ್ತದೆ, ಅದರ ಕೆಳಗೇ ನಿಮ್ಮ ಮಾಮೂಲಿ ಲಿಸ್ಟಿಂಗ್ ಇರುತ್ತದೆ. ಅವರು ಮೇಲಿನದನ್ನು ಒತ್ತಿದರು. ಹೇಗೂ ಬರುತ್ತಿದ್ದ ಆರ್ಡರಿಗೆ ನೀವು ದುಡ್ಡು ಕೊಟ್ಟಿರಿ. ಹಾಗಾಗಿ ಒಟ್ಟು ಮಾರಾಟವನ್ನೇ ನೋಡಿ. ಜಾಹೀರಾತಿಗೆ ಮೊದಲು ವಾರಕ್ಕೆ 40 ಆರ್ಡರ್ ಬರುತ್ತಿತ್ತು, ಹಾಕಿದ ಮೇಲೆ 52 ಆಯಿತು, ಖರ್ಚು 1,300 ರೂಪಾಯಿ ಅಂತಿಟ್ಟುಕೊಳ್ಳಿ. ರಿಪೋರ್ಟು 26 ಆರ್ಡರ್ ನಮ್ಮದು ಅನ್ನುತ್ತದೆ, ಅಂದರೆ ಒಂದಕ್ಕೆ 50 ರೂಪಾಯಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊಸದಾಗಿ ಬಂದದ್ದು 12 ಮಾತ್ರ. 1,300ನ್ನು 12ಕ್ಕೆ ಹಂಚಿದರೆ ಒಂದಕ್ಕೆ 108 ರೂಪಾಯಿ. ನಮ್ಮ ಗಡಿ 90. ನಷ್ಟ. ಆಗಾಗ ಎರಡು ವಾರ ಜಾಹೀರಾತು ನಿಲ್ಲಿಸಿ ಒಟ್ಟು ಆರ್ಡರ್ ಎಷ್ಟು ಇಳಿಯುತ್ತದೆ ಅಂತ ನೋಡುವುದು ಇದಕ್ಕೇ. ಹಬ್ಬದ ವಾರಗಳಲ್ಲಿ ಈ ಪರೀಕ್ಷೆ ಮಾಡಬೇಡಿ, ಅಂಕಿಗಳು ಹೇಗೂ ಏರುಪೇರಾಗಿರುತ್ತವೆ. ಖರ್ಚನ್ನು ಸೆಟಲ್‌ಮೆಂಟಿನಿಂದ, ಅಂದರೆ ನಿಮಗೆ ಬರಬೇಕಾದ ಮಾರಾಟದ ದುಡ್ಡಿನಿಂದಲೇ, ಮುರಿದುಕೊಳ್ಳುವ ವ್ಯವಸ್ಥೆ ಇಟ್ಟಿದ್ದರೆ ದುಡ್ಡು ಹೋಗಿದ್ದೇ ಕಣ್ಣಿಗೆ ಬೀಳುವುದಿಲ್ಲ. ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಒಟ್ಟು ಆರ್ಡರ್, ಜಾಹೀರಾತು ಖರ್ಚು, ಎರಡೇ ಅಂಕಿ ಬರೆದಿಡಿ.

ಹಾಗಾದರೆ ಯಾರಿಗೆ ಇದು ಗಿಟ್ಟುತ್ತದೆ? ಹೊಸ ವಸ್ತು, ಒಳ್ಳೆಯ ಪುಟ, ಆದರೆ ಹುಡುಕಾಟದಲ್ಲಿ ಎಲ್ಲೋ ಹತ್ತನೇ ಪುಟದಲ್ಲಿ ಬಿದ್ದಿದೆ ಅನ್ನುವವರಿಗೆ ಒಂದೆರಡು ತಿಂಗಳು ಖಂಡಿತ ಉಪಯೋಗ. ಮಾರ್ಜಿನ್ ದೊಡ್ಡದಿರುವ ವಸ್ತುಗಳಿಗೂ ಸರಿ. ನೂರೈವತ್ತು ಇನ್ನೂರು ರೂಪಾಯಿಯ ವಸ್ತುವಿಗೆ ಹೆಚ್ಚಾಗಿ ಗಿಟ್ಟುವುದಿಲ್ಲ, ಉಳಿಯುವ 20 ರೂಪಾಯಿಯಲ್ಲಿ ಎಷ್ಟು ಕ್ಲಿಕ್ ಕೊಳ್ಳುತ್ತೀರಿ? ಅಂಥದ್ದನ್ನು ಮೂರರ ಕಾಂಬೊ ಮಾಡಿ, ಕಾಂಬೊಗೆ ಜಾಹೀರಾತು ಹಾಕಿ. ಎಲ್ಲರೂ ಒಂದೇ ಹೋಲ್‌ಸೇಲ್ ಮಾಲು ಮಾರುವ ಕಡೆ, ಮೊಬೈಲ್ ಕವರಿನಂಥ ಕಡೆ, ಬೆಲೆಯಲ್ಲೂ ಬಿಡ್ಡಿನಲ್ಲೂ ಎರಡು ಕಡೆ ಹೊಡೆತ ಬೀಳುತ್ತದೆ. ನಾನಾದರೆ ಹಾಕುವುದಿಲ್ಲ.

ಕಮಿಷನ್ ಇಲ್ಲ ಅನ್ನುವ ಕಡೆ ಇನ್ನೂ ಹುಷಾರಾಗಿರಿ. ಮೀಶೋ 2021ರಲ್ಲಿ ಮಾರಾಟಗಾರರ ಕಮಿಷನ್ ತೆಗೆಯಿತು, ಅದಕ್ಕೆ ಆದಾಯ ಬರುವುದು ಜಾಹೀರಾತು ಮತ್ತು ಸಾಗಾಟದಿಂದ. ಇದರಲ್ಲಿ ತಪ್ಪೇನಿಲ್ಲ. ಆದರೆ ಕಮಿಷನ್ನಿನಲ್ಲಿ ಉಳಿದ ದುಡ್ಡನ್ನು ಯೋಚನೆ ಮಾಡದೆ ಜಾಹೀರಾತಿಗೆ ಸುರಿದರೆ ನಿಮಗೆ ಉಳಿದದ್ದೇನು?

ಎಟ್ಸಿಯಲ್ಲಿ (ಕೈಕೆಲಸದ ವಸ್ತುಗಳ ವಿದೇಶಿ ಆನ್‌ಲೈನ್ ಮಾರುಕಟ್ಟೆ) ಚನ್ನಪಟ್ಟಣದ ಗೊಂಬೆಯನ್ನೋ ಕೈಕಸೂತಿಯನ್ನೋ ಹೊರದೇಶಕ್ಕೆ ಮಾರುವವರಿಗೆ ಪದ್ಧತಿ ಬೇರೆ. ಅಲ್ಲಿನ ಆಫ್‌ಸೈಟ್ ಆ್ಯಡ್ಸ್‌ನಲ್ಲಿ (ಎಟ್ಸಿಯವರು ಬೇರೆ ಸೈಟುಗಳಲ್ಲಿ ಹಾಕುವ ಜಾಹೀರಾತು) ಮಾರಾಟವಾದರೆ ಮಾತ್ರ ಫೀ: ಮಾಮೂಲಿಯಾಗಿ ಶೇ. 15, ಒಂದು ವರ್ಷದಲ್ಲಿ 10,000 ಡಾಲರ್ ವಹಿವಾಟು ಮುಟ್ಟಿದ ಅಂಗಡಿಗೆ ಶೇ. 12. ಚಿಕ್ಕ ಅಂಗಡಿಯವರು ಸೆಟ್ಟಿಂಗ್ಸ್‌ನಲ್ಲಿ ಬೇಡ ಅನ್ನಬಹುದು, 10,000 ದಾಟಿದ ಮೇಲೆ ಬೇಡ ಅನ್ನುವ ಹಾಗಿಲ್ಲ. ಜಾಹೀರಾತು ಒತ್ತಿದವರು 30 ದಿನದೊಳಗೆ ನಿಮ್ಮ ಅಂಗಡಿಯಲ್ಲಿ ಏನು ಕೊಂಡರೂ ಫೀ ಬೀಳುತ್ತದೆ. ಹಾಗಾಗಿ ಆ ಶೇ. 15ನ್ನು ಮೊದಲೇ ಬೆಲೆಯೊಳಗೆ ಸೇರಿಸಿಟ್ಟುಕೊಳ್ಳಿ.

ಇನ್ನು 'ನಿಮ್ಮ ಜಾಹೀರಾತು ನಾವು ನೋಡಿಕೊಳ್ಳುತ್ತೇವೆ' ಅಂತ ಫೋನ್ ಮಾಡುವ ಏಜೆನ್ಸಿಗಳು. ಜಾಹೀರಾತು ಖರ್ಚಿನಲ್ಲಿ ಶೇಕಡಾವಾರು ಕೇಳಿದರೆ ಒಪ್ಪಬೇಡಿ, ನೀವು ಜಾಸ್ತಿ ಸುರಿದಷ್ಟೂ ಅವರಿಗೆ ಲಾಭ. ತಿಂಗಳಿಗೆ ಇಂತಿಷ್ಟು ಅಂತ ಮಾತಾಡಿ, ಒಂದು ಆರ್ಡರಿಗೆ 90 ರೂಪಾಯಿ ದಾಟಬಾರದು ಅಂತ ಮೊದಲ ದಿನವೇ ಬರೆದುಕೊಡಿ, ಸರ್ಚ್ ಟರ್ಮ್ ರಿಪೋರ್ಟನ್ನು ಪ್ರತಿ ತಿಂಗಳೂ ಕೇಳಿ ಪಡೆಯಿರಿ.