ಆಫೀಸ್ ಲ್ಯಾಪ್‌ಟಾಪಿನ ಪರದೆ: ಕೊಳ್ಳುವ ಮೊದಲು ನೋಡುವುದು, ಆಮೇಲೆ ಬದಲಿಸುವುದು

ಮಣಿಪಾಲದ ವಿದ್ಯಾರ್ಥಿಗಳಿಂದ ಹಿಡಿದು ಮಂಗಳೂರು ಹಂಪನಕಟ್ಟೆಯ ಡಿಟಿಪಿಯವರ ತನಕ, ಆಫೀಸಿಗೆಂದೇ ಮಾಡಿದ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಲ್ಯಾಪ್‌ಟಾಪ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತುಂಬಾ ಜನ. ಬಾಡಿ ಗಟ್ಟಿ, ಕೀಬೋರ್ಡ್ ಚೆಂದ. ಎಡವುವುದು ಪರದೆಯಲ್ಲಿ. ಕಂಪನಿಗಳು ನೂರಾರು ಲ್ಯಾಪ್‌ಟಾಪ್ ಒಟ್ಟಿಗೆ ಖರೀದಿಸುವಾಗ ಕಾಸು ಉಳಿಸುವುದು ಇಲ್ಲಿಯೇ. 2018ರ ಥಿಂಕ್‌ಪ್ಯಾಡ್ ಟಿ480 ಮಾದರಿಯನ್ನೇ ನೋಡಿ: 1366×768 ಪಿಕ್ಸೆಲ್‌ಗಳ ಟಿಎನ್ (ಓರೆಯಿಂದ ನೋಡಿದರೆ ಬಣ್ಣ ಕೆಡುವ ಅಗ್ಗದ ಬಗೆ), 1920×1080ರ, ಅಂದರೆ ಫುಲ್ ಎಚ್‌ಡಿ, ಐಪಿಎಸ್ (ಓರೆಯಿಂದಲೂ ಬಣ್ಣ ಹೆಚ್ಚು ಕೆಡದ ಬಗೆ), 2560×1440 ಮೂರೂ ಅದರಲ್ಲಿ ಬಂದಿವೆ. ಹಾಗಾಗಿ ಮಾದರಿಯ ಹೆಸರು ಕೇಳಿ ಪರದೆ ಹೇಗಿದೆ ಎಂದು ಹೇಳಲಾಗದು. ಪ್ಯಾನೆಲ್‌ನ, ಅಂದರೆ ಮುಚ್ಚಳದೊಳಗಿನ ಪರದೆಯ ಬಿಡಿಭಾಗದ, ನಂಬರ್ ಬೇಕು.

ನೋಡುವ ಮೊದಲು ಚಾರ್ಜರ್ ಹಾಕಿ ಬ್ರೈಟ್‌ನೆಸ್ ಪೂರ್ತಿ ಏರಿಸಿ. ಇಂಟೆಲ್ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ ಇದ್ದರೆ ಆಫ್ ಮಾಡಿ. ಅದು ಕಪ್ಪು ಪುಟ ಬಂದಾಗ ಬೆಳಕನ್ನು ತಾನೇ ಇಳಿಸುತ್ತದೆ, ಒಳ್ಳೆಯ ಪ್ಯಾನೆಲ್ ಕೂಡ ಮಂಕಾಗಿ ಕಾಣುತ್ತದೆ. ಆಮೇಲೆ ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲ ಹತ್ತಿರ ಬನ್ನಿ. ಬೆಳಕಿನ ಅಳತೆಯಲ್ಲಿ 250 ನಿಟ್ಸ್ ಇರುವ ಪರದೆ ಎಸಿ ರೂಮಿನಲ್ಲಿ ಸಾಕು. ನಮ್ಮ ಕರಾವಳಿಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಜಗಲಿಯಲ್ಲಿ ಕೂತು ಕೆಲಸ ಮಾಡುವುದಿದ್ದರೆ ಅದರಲ್ಲಿ ಅಕ್ಷರಕ್ಕಿಂತ ನಿಮ್ಮ ಮುಖವೇ ಹೆಚ್ಚು ಕಾಣುತ್ತದೆ. 400 ನಿಟ್ಸ್, ಅದೂ ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಇದ್ದರೆ ನಿಭಾಯಿಸಬಹುದು.

ಟಿಎನ್ ಹೌದೋ ಅಲ್ಲವೋ ನೋಡಲು ಪರದೆಯನ್ನು ನಿಧಾನ ಹಿಂದಕ್ಕೆ ಬಾಗಿಸಿ. ಬಣ್ಣ ಬಿಳಿಚಿ, ಕಪ್ಪು ಭಾಗ ಫೋಟೋದ ನೆಗೆಟಿವ್‌ನಂತೆ ತಿರುಗಿದರೆ ಟಿಎನ್. ಐಪಿಎಸ್‌ನಲ್ಲಿ ಹಾಗಾಗುವುದಿಲ್ಲ.

ಐಪಿಎಸ್ ಎಂದ ಮಾತ್ರಕ್ಕೆ ಬಣ್ಣ ಸರಿ ಎಂದೂ ಅಲ್ಲ. ಅಗ್ಗದ ಫುಲ್ ಎಚ್‌ಡಿ ಪ್ಯಾನೆಲ್‌ಗಳು 45% ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಅಳತೆ) ಮಟ್ಟದವು, ಎಸ್‌ಆರ್‌ಜಿಬಿ ಎಂಬ ಕಂಪ್ಯೂಟರ್‌ನ ಸಾಮಾನ್ಯ ಬಣ್ಣಗಳ ಗುಂಪಿನಲ್ಲಿ ಮೂರನೇ ಒಂದು ಪಾಲು ಅವುಗಳಲ್ಲಿ ಮೂಡುವುದೇ ಇಲ್ಲ. ಎಕ್ಸೆಲ್, ಟ್ಯಾಲಿಗೆ ತೊಂದರೆಯಿಲ್ಲ. ಮದುವೆ ಕಾಗದ, ಯಕ್ಷಗಾನದ ಬ್ಯಾನರ್ ಮಾಡುವವರಿಗೆ ಮಾತ್ರ ಪೇಚಾಟ: ವೇಷದ ಕೆಂಪು ಪರದೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಸರಿಮಾಡಲು ಹೋಗಿ ಬಣ್ಣ ಏರಿಸಿದರೆ ಪ್ರಿಂಟ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅಂಥ ಕೆಲಸಕ್ಕೆ 72% ಎನ್‌ಟಿಎಸ್‌ಸಿ, ಅಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ ಇರುವ ಪ್ಯಾನೆಲ್ಲೇ ಬೇಕು. ಬಿಳಿಯನ್ನು ಪರೀಕ್ಷಿಸಲು ಮಲ್ಲಿಗೆಗಿಂತ ಸುಲಭದ್ದು ಇಲ್ಲ. ಖಾಲಿ ಬಿಳಿ ಪುಟ ತೆರೆದು, ಒಂದು ತುಂಡು ಶಂಕರಪುರ ಮಲ್ಲಿಗೆಯನ್ನು ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿಯಿರಿ. ನೀಲಿ ಛಾಯೆಯೋ ಹಳದಿ ಛಾಯೆಯೋ ಆಗಲೇ ಗೊತ್ತಾಗುತ್ತದೆ.

ಕೆಲವರಿಗೆ ಪರದೆ ನೋಡಿ ತಲೆನೋವು ಬರುವುದುಂಟು. ಬ್ರೈಟ್‌ನೆಸ್ ಕಾಲುಭಾಗಕ್ಕೆ ಇಳಿಸಿ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಪಟ್ಟೆಗಳು ಓಡುತ್ತಿದ್ದರೆ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಆರಿ ಹತ್ತಿ ಬೆಳಕು ಕಡಿಮೆ ಮಾಡುತ್ತಿದೆ ಎಂದರ್ಥ, ತಲೆನೋವಿಗೆ ಅದು ಕಾರಣವಿರಬಹುದು.

ಗೆರೆ, ಮಿನುಗು ಇದ್ದರೆ ಪ್ಯಾನೆಲ್ಲಿಗೆ ದುಡ್ಡು ಹಾಕುವ ಮೊದಲು ಕಾರಣ ಹುಡುಕಿ. ಮುಚ್ಚಳ ಅಲ್ಲಾಡಿಸಿದಾಗ ಮಾತ್ರ ಮಿನುಗಿದರೆ ಹಿಂಜ್ (ಮುಚ್ಚಳದ ಕೀಲು) ಹತ್ತಿರದ ಕೇಬಲ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಹೊರಗಿನ ಮಾನಿಟರ್‌ನಲ್ಲಿಯೂ ಗೆರೆ ಬಂದರೆ ತಪ್ಪು ಪರದೆಯದ್ದಲ್ಲ. ಡೆಲ್‌ನಲ್ಲಿ ಡಿ ಕೀ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಪ್ಯಾನೆಲ್ ಪರೀಕ್ಷೆಯ ಬಣ್ಣಗಳು ಒಂದೊಂದಾಗಿ ಬರುತ್ತವೆ. ಬಿಳಿ ಪರದೆಯಲ್ಲಿ ಮಸುಕಾದ ಬೆಳ್ಳಗಿನ ಮಚ್ಚೆಗಳು ಒತ್ತಡದ ಗುರುತು. ಮಂಗಳೂರು–ಉಡುಪಿ ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗಿನೊಳಗೆ ಚಾರ್ಜರ್ ಮುಚ್ಚಳಕ್ಕೆ ಒತ್ತಿ ಕೂತರೆ ಇಷ್ಟು ಸಾಕು, ಅದು ಮತ್ತೆ ಹೋಗುವುದಿಲ್ಲ.

ಈಗ ಬದಲಾವಣೆ. ಅಂಗಡಿಯಲ್ಲಿ "14 ಇಂಚು ಫುಲ್ ಎಚ್‌ಡಿ, ಎಲ್ಲ ಒಂದೇ, ಆಗ್ತದೆ" ಎಂದರೆ ಒಪ್ಪಬೇಡಿ. ಮೊದಲು ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರಿನ ಮಾನಿಟರ್ ವಿಭಾಗದಲ್ಲಿ ಈಗಿನ ಪ್ಯಾನೆಲ್ ನಂಬರ್ ನೋಡಿ. ಪ್ಯಾನೆಲ್ ಬೆನ್ನಿನ ಸ್ಟಿಕರ್‌ನಲ್ಲಿಯೂ ಅದು ಉಂಟು. ಹೊಸದರಲ್ಲಿ ಮೂರು ಸಂಗತಿ ಹೊಂದಬೇಕು: ಕನೆಕ್ಟರ್, ಅದಿರುವ ಜಾಗ, ಸ್ಕ್ರೂ ಹಾಕುವ ಕಿವಿಗಳು. ಟಚ್ ಇಲ್ಲದ 60 ಹರ್ಟ್ಸ್ ಫುಲ್ ಎಚ್‌ಡಿ ಸಾಮಾನ್ಯವಾಗಿ 30 ಪಿನ್. ಟಚ್ ಒಳಗೇ ಸೇರಿದ್ದು ಮತ್ತು 2560×1440 ಹೆಚ್ಚಾಗಿ 40 ಪಿನ್. ಅದಕ್ಕೆ ಕೇಬಲ್ ಕೂಡ ಬದಲಿಸಬೇಕು. ಟಿ480ಯಲ್ಲಿ 1366×768 ಪರದೆಯಿಂದ ಫುಲ್ ಎಚ್‌ಡಿಗೆ ಹೋಗಲು ಹಳೆಯ ಕೇಬಲ್ಲೇ ಸಾಕು. ಇನೊಲಕ್ಸ್‌ನ ಎನ್140ಎಚ್‌ಸಿಜಿ-ಜಿಕ್ಯೂ2 ಇದಕ್ಕೆ ಜನ ಹುಡುಕುವ ಪ್ಯಾನೆಲ್: 400 ನಿಟ್ಸ್, 30 ಪಿನ್, ಬಣ್ಣ ಪೂರ್ತಿ, ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ. 2012ರ ಟಿ430ಯಂಥ ಹಳೆಯ ಮಾದರಿಗಳಲ್ಲಿ ಎಲ್‌ವಿಡಿಎಸ್ ಎಂಬ ಹಳೆಯ ಬಗೆಯ ಕನೆಕ್ಟರ್ ಇದೆ, ಈ ಪ್ಯಾನೆಲ್‌ಗಳು ಅದಕ್ಕೆ ನೇರವಾಗಿ ಕೂರವು.

ಬಿಚ್ಚುವಾಗ ಜನ ಮಾಡುವ ದೊಡ್ಡ ತಪ್ಪು, ಶಟ್‌ಡೌನ್ ಮಾಡಿದೆವಲ್ಲ ಎಂದು ಬ್ಯಾಟರಿಯನ್ನು ಹಾಗೇ ಬಿಡುವುದು. ಕರೆಂಟ್ ಇರುವಾಗ ಕನೆಕ್ಟರ್ ಸ್ವಲ್ಪ ಓರೆಯಾದರೂ ಮದರ್‌ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಹೋಗಬಹುದು. ಆಮೇಲೆ ಟಾರ್ಚ್ ಹಿಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ, ಬೆಳಕಿಲ್ಲ. ಟಿ480ಯಲ್ಲಿ ಬ್ಯಾಟರಿ ಎರಡು. ಬಯೋಸ್‌ನ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟದ) ಕಾನ್ಫಿಗ್, ಪವರ್ ವಿಭಾಗದಲ್ಲಿ ಒಳಗಿನದನ್ನು ಡಿಸೇಬಲ್ ಮಾಡಿ, ಹಿಂದಿನದನ್ನು ಕಳಚಿ. ಬೇರೆ ಮಾದರಿಗಳಲ್ಲಿ ಅಡಿಯ ಕವರ್ ತೆಗೆದು ಬ್ಯಾಟರಿ ಕೇಬಲ್ ಬಿಡಿಸಿ.

ಬೆಜೆಲ್, ಅಂದರೆ ಪರದೆಯ ಸುತ್ತಲಿನ ಚೌಕಟ್ಟು, ಎಬ್ಬಿಸಲು ಪ್ಲಾಸ್ಟಿಕ್ ಪಿಕ್ಕೇ ಇರಲಿ. ಸ್ಕ್ರೂಡ್ರೈವರ್ ತುದಿ ಗಾಜಿನ ಅಂಚಿಗೆ ತಾಗಿದರೆ ಮುಗಿಯಿತು. ಹಳೆಯ ಮಾದರಿಗಳಲ್ಲಿ ಪ್ಯಾನೆಲ್ ಸ್ಕ್ರೂಗಳಲ್ಲಿ ನಿಂತಿರುತ್ತದೆ. ಟಿ14ರಂಥ ಹೊಸತರಲ್ಲಿ ಹಿಂದೆ ಎಳೆದರೆ ಹಿಗ್ಗುವ ಅಂಟುಪಟ್ಟಿ ಇರುತ್ತದೆ. ಅದನ್ನು ನಿಧಾನ, ಪ್ಯಾನೆಲ್ಲಿಗೆ ಸಮಾನಾಂತರವಾಗಿ ಎಳೆಯಬೇಕು. ತುಂಡಾಯಿತೆಂದು ಪ್ಯಾನೆಲ್ಲನ್ನು ಮೀಟಿದರೆ ಅದು ಬಾಗಿ ಒಡೆಯುತ್ತದೆ.

ಪ್ಯಾನೆಲ್ಲನ್ನು ಕೀಬೋರ್ಡಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಮುಖ ಕೆಳಗಾಗಿ ಮಲಗಿಸಿ. ಕನೆಕ್ಟರ್ ಮೇಲಿನ ಟೇಪ್ ಸುಲಿದು, ತಂತಿಯ ಕೊಕ್ಕೆ ಎತ್ತಿ, ಪ್ಲಗ್ಗನ್ನು ಅಡ್ಡಕ್ಕೆ ಜಾರಿಸಿ ತೆಗೆಯಿರಿ, ಮೇಲಕ್ಕೆ ಕೀಳಬೇಡಿ. ಸಮುದ್ರದ ಹತ್ತಿರದ ಮನೆಗಳ ಲ್ಯಾಪ್‌ಟಾಪ್‌ಗಳಲ್ಲಿ ಪಿನ್‌ಗಳ ಮೇಲೆ ಹಸಿರು ಕಿಲುಬು ಸಿಕ್ಕರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೃದು ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಜುಲೈ ಮಳೆಯಲ್ಲಿ ಬೆವರು ಕೈಯಲ್ಲಿ ಈ ಕೆಲಸಕ್ಕೆ ಕೂರುವುದಕ್ಕಿಂತ ಒಣ ದಿನಕ್ಕೆ ಕಾಯುವುದು ಲೇಸು.

ಹೊಸದನ್ನು ಸಿಕ್ಕಿಸಿ ಟೇಪ್ ಒತ್ತಿದ ಮೇಲೆ ಬೆಜೆಲ್ ಹಾಕುವ ಆತುರ ಬೇಡ. ಚಾರ್ಜರ್ ಜೋಡಿಸಿ ಆನ್ ಮಾಡಿ. ಟಿ480ಯ ಒಳ ಬ್ಯಾಟರಿ ಚಾರ್ಜರ್ ಹಾಕಿದೊಡನೆ ಎಚ್ಚರವಾಗುತ್ತದೆ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಪೂರ್ತಿ ಪುಟಗಳಲ್ಲಿ ಸತ್ತ ಪಿಕ್ಸೆಲ್ ಹುಡುಕಿ, ಕತ್ತಲೆ ಕೋಣೆಯಲ್ಲಿ ಕಪ್ಪು ಪುಟ ಹಾಕಿ ಅಂಚಿನಿಂದ ಬೆಳಕು ಸೋರುತ್ತದೆಯೇ ನೋಡಿ. ರಕ್ಷಣೆಯ ತೆಳು ಹಾಳೆಯನ್ನು ಇದೆಲ್ಲ ಮುಗಿಯುವ ತನಕ ಕೀಳಬೇಡಿ, ಹಾಳೆ ಕಿತ್ತ ಪ್ಯಾನೆಲ್ಲನ್ನು ವಾಪಸ್ ತೆಗೆದುಕೊಳ್ಳುವವರು ಕಡಿಮೆ. ಕೊನೆಗೆ ಪವರ್ ತೆಗೆದು, ಕೇಬಲ್ ಹಿಂಜ್‌ನ ತನ್ನ ಹಾದಿಯಲ್ಲೇ ಇದೆಯೇ ನೋಡಿ ಬೆಜೆಲ್ ಒತ್ತಿ. ಹಳೆಯ ಪ್ಯಾನೆಲ್ಲನ್ನು ಹೊಸದರ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ, ಮುಂದೆ ಕೇಬಲ್ ಕೆಟ್ಟಿದೆಯೋ ಪರದೆ ಕೆಟ್ಟಿದೆಯೋ ಎಂದು ನೋಡಲು ಬೇಕಾಗುತ್ತದೆ.