ಮುಖದ ನರಶೂಲೆಗೆ ಚಿಕಿತ್ಸೆ ಮತ್ತು ನೆರವು ಪಡೆಯುವ ಬಗೆ

ಹಲ್ಲುಜ್ಜುವಾಗ, ಅಗಿಯುವಾಗ ಅಥವಾ ಗಾಳಿ ಕೆನ್ನೆಗೆ ತಾಗಿದಾಗ ಮುಖದ ಒಂದೇ ಬದಿಯಲ್ಲಿ ಕರೆಂಟು ಹೊಡೆದಂತೆ ಕೆಲವು ಸೆಕೆಂಡು ತೀವ್ರ ನೋವು ಬಂದುಹೋಗುತ್ತಿದ್ದರೆ, ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ನರಶೂಲೆಯಾಗಿರಬಹುದು. ಹಲ್ಲುನೋವೆಂದೇ ತಿಳಿದು ಗಟ್ಟಿ ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ಆದ್ದರಿಂದ ದಂತವೈದ್ಯರು ಹಲ್ಲಿನಲ್ಲಿ ದೋಷವಿಲ್ಲವೆಂದರೆ ನರರೋಗ ತಜ್ಞರನ್ನು ಕಾಣಬೇಕು.

ಹೋಗುವ ಮೊದಲು ನೋವು ಯಾವುದರಿಂದ ಕೆರಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಬರೆದಿಡಿ, ಏಕೆಂದರೆ ರೋಗನಿರ್ಣಯ ಬಹುಮಟ್ಟಿಗೆ ಈ ವಿವರಣೆಯನ್ನೇ ಅವಲಂಬಿಸಿದೆ. ರಕ್ತನಾಳವೊಂದು ನರವನ್ನು ಒತ್ತುತ್ತಿದೆಯೇ, ಗೆಡ್ಡೆಯಂಥ ಬೇರೆ ಕಾರಣವಿದೆಯೇ ಎಂದು ತಿಳಿಯಲು ಎಂಆರ್‌ಐ ಮಾಡಿಸುತ್ತಾರೆ.

ಸಾಮಾನ್ಯ ನೋವಿನ ಮಾತ್ರೆಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಮೊದಲಿಗೆ ಕೊಡುವುದು ಹೆಚ್ಚಾಗಿ ಕಾರ್ಬಮಜೆಪಿನ್. ಅದು ಮೂರ್ಛೆರೋಗದ ಔಷಧವೂ ಹೌದಾದ್ದರಿಂದ ಚೀಟಿ ನೋಡಿದ ಮನೆಯವರು ಗಾಬರಿಯಾಗುವುದುಂಟು. ಮಂಪರು, ತಲೆಸುತ್ತು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಹೀಗಾಗಿ ವೈದ್ಯರು ಹೇಳಿದ ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಮೈಮೇಲೆ ದದ್ದು ಎದ್ದರೆ ಅಂದೇ ವೈದ್ಯರನ್ನು ಕಾಣಬೇಕು. ನೋವು ಇಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಸಲ್ಲದು.

ಔಷಧ ಸಾಲದಾದಾಗ ಎರಡು ದಾರಿಗಳ ಬಗ್ಗೆ ಕೇಳಿ: ನರದ ಮೇಲಿನ ರಕ್ತನಾಳದ ಒತ್ತಡವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ತಲೆಬುರುಡೆ ತೆರೆಯಬೇಕಾದರೂ ಅದರ ಫಲ ಹೆಚ್ಚು ಕಾಲ ಉಳಿಯುತ್ತದೆ, ಸೂಜಿಯ ಮೂಲಕ ನರಕ್ಕೆ ಶಾಖ ಕೊಡುವ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ ಸುಲಭವಾದರೂ ಕೆನ್ನೆ ಜೋಮು ಹಿಡಿಯಬಹುದು, ನೋವು ಮರಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ವಿಭಾಗಗಳಿವೆ. ಬಿಪಿಎಲ್ ಕಾರ್ಡುದಾರರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುವುದೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ನೋವಿನ ಭಯದಿಂದ ಊಟ, ಮಾತು ಬಿಟ್ಟು ಕುಗ್ಗಿಹೋದವರು ಅಥವಾ ಅವರ ಮನೆಯವರು 14416ಕ್ಕೆ ಕರೆ ಮಾಡಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಆಪ್ತಸಮಾಲೋಚಕರು ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡುತ್ತಾರೆ.