ಕಣ್ಣಂದಾಜು ಬಿಟ್ಟು ಚೀಲ ಹಿಡಿದದ್ದು: ಹೆರಿಗೆಯ ನಂತರದ ರಕ್ತಸ್ರಾವ ಅಳೆಯುವ ಕೆಲಸ

ಹೆರಿಗೆ ಕೋಣೆಯ ರಿಜಿಸ್ಟರ್‌ನಲ್ಲಿ ರಕ್ತಸ್ರಾವದ ಕಾಲಂ ನೋಡಿ: 100, 150, 200, ಮತ್ತೆ 150 ಮಿ.ಲೀ. ಅಳೆದು ಬರೆದ ಅಂಕಿಗಳು ಇಷ್ಟು ದುಂಡಗೆ ಇರುವುದಿಲ್ಲ. ಬಾಣಂತಿಯರ ರಕ್ತಸ್ರಾವದ ಬಗ್ಗೆ ಸಂಶೋಧನೆ ಮಾಡುವವರು ಮೊದಲು ಬಿಡಿಸಬೇಕಾದ ಅಭ್ಯಾಸ ಇದೇ. ಬೆಳಗಾವಿಯಲ್ಲಿ ಕಣ್ಣಂದಾಜನ್ನೂ ಅಳತೆಯ ಚೀಲವನ್ನೂ ಹೋಲಿಸಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಾಜು ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ಬಂದಿತ್ತು. ರಕ್ತ ಹೆಚ್ಚು ಹೋದಷ್ಟೂ ಅಂದಾಜು ಹೆಚ್ಚು ತಪ್ಪುತ್ತದೆ. ಯಾರಿಗೆ ತುರ್ತಾಗಿ ಚಿಕಿತ್ಸೆ ಬೇಕೋ ಅವರ ಲೆಕ್ಕವೇ ಕೆಡುತ್ತದೆ.

ಚೀಲ ಅಂದರೆ ಸೊಂಟದ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ತುದಿ ಆಲಿಕೆಯ ಹಾಗೆ ಕಿರಿದಾಗಿ ಇಳಿಯುತ್ತದೆ, ಮೈಮೇಲೆ ಮಿ.ಲೀ. ಗೆರೆಗಳಿರುತ್ತವೆ. ಬ್ರಾಸ್-ವಿ ಹೆಸರಿನ ಇಂಥ ಚೀಲವನ್ನೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, ಗರ್ಭಕೋಶ ಕುಗ್ಗಿಸುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗದಲ್ಲಿ ಎಎನ್‌ಎಂಗಳು (ಹಳ್ಳಿಯ ಸಹಾಯಕ ದಾದಿಯರು) ಬಳಸಿದರು. ಅಲ್ಲಿ 1620 ಬಾಣಂತಿಯರಿದ್ದರು. 600 ಮೈಕ್ರೋಗ್ರಾಂ ಗುಳಿಗೆ ಪಡೆದವರಲ್ಲಿ ಶೇ 6.4, ಪ್ಲಸೀಬೊ (ಔಷಧವಿಲ್ಲದ ಹುಸಿ ಗುಳಿಗೆ) ಪಡೆದವರಲ್ಲಿ ಶೇ 12 ಮಂದಿಗೆ ರಕ್ತಸ್ರಾವ 500 ಮಿ.ಲೀ. ಮುಟ್ಟಿತ್ತು; ಅತಿರಕ್ತಸ್ರಾವ ಎಂದು ಎಣಿಸುವ ಗೆರೆ ಅದೇ. ಬರೀ ಕಣ್ಣಂದಾಜಿನಲ್ಲಿ ಬರೆದಿದ್ದರೆ ಈ ಅಂತರ ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ಅಧ್ಯಯನಕ್ಕೆ ಸೇರಲು ತಾಯಿಯ ಒಪ್ಪಿಗೆಯನ್ನು ಎಂಟು–ಒಂಬತ್ತನೇ ತಿಂಗಳ ತಪಾಸಣೆಯಲ್ಲೇ ಕೇಳುತ್ತೇವೆ. ನೋವು ಶುರುವಾದ ಮೇಲೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಅನ್ನಲಾಗದು. ಹಾಸುವ ಹೊತ್ತಿಗೂ ಒಂದು ಮಾತು ಹೇಳಬೇಕು: "ತಂಗೀ, ಸೊಂಟದ ಕೆಳಗ ಪ್ಲಾಸ್ಟಿಕ್ ಹಾಸ್ತೀನಿ, ರಕ್ತ ಎಷ್ಟು ಹೋತು ನೋಡಾಕ." ಹೇಳದೆ ತಣ್ಣನೆಯ ಹಾಳೆ ತುರುಕಿದರೆ ಆಕೆ ಬೆಚ್ಚಿ ಸರಿಯುತ್ತಾಳೆ, ಹಾಳೆ ಮಡಚಿಕೊಂಡು ರಕ್ತ ಮಂಚದ ಮೇಲೆ ಹೋಗುತ್ತದೆ.

ಹಾಸುವ ಕ್ಷಣವೇ ಇಡೀ ಅಳತೆಯ ಜೀವಾಳ. ಮಗು ಹೊರಬರುವ ಮೊದಲೇ ಹಾಸಿದರೆ ಮಗುವಿನ ಸುತ್ತ ಇದ್ದ ಗರ್ಭಜಲ ಚೀಲಕ್ಕಿಳಿದು ಅಂಕಿ ಸುಳ್ಳಾಗಿ ಏರುತ್ತದೆ. ತಡಮಾಡಿದರೆ ಮಾಸು ಬೀಳುವಾಗ ಬರುವ ರಕ್ತವೇ ಕೈತಪ್ಪುತ್ತದೆ. ನಾವು ಪಾಲಿಸುವ ಕ್ರಮ ಹೀಗೆ: ಮಗು ಹುಟ್ಟಿದ ಕೂಡಲೇ ಗಡಿಯಾರ ಒತ್ತುವುದು, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ನೋಡಿಕೊಂಡು ಒಂದು ನಿಮಿಷದೊಳಗೆ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡುವುದು, ನೀರು ಹರಿದು ನಿಂತ ಮೇಲೆ ಹಾಳೆಯನ್ನು ಸೊಂಟದ ಕೆಳಗೆ ಸರಿಸಿ ಅದರ ಪಟ್ಟಿ ಕಟ್ಟುವುದು, 1ರಿಂದ 3 ನಿಮಿಷದೊಳಗೆ ಹೊಕ್ಕುಳಬಳ್ಳಿ ಕತ್ತರಿಸುವುದು. ಇಬ್ಬರಿಲ್ಲದೆ ಇದು ಆಗದು, ಒಬ್ಬರು ಮಗುವಿಗೆ, ಒಬ್ಬರು ತಾಯಿಗೆ. ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಚೀಲಕ್ಕೆ ನೀರು ಬಿದ್ದೇ ಬೀಳುತ್ತದೆ. ಆಗ ಮಟ್ಟವನ್ನು ತಕ್ಷಣ ಬರೆದಿಟ್ಟುಕೊಂಡು ಕೊನೆಗೆ ಕಳೆಯುತ್ತೇವೆ.

ಮೂತ್ರವೂ ಮೋಸ ಮಾಡುತ್ತದೆ. ಹೆರಿಗೆಗೆ ಮೊದಲೇ ಮೂತ್ರಕೋಶ ಖಾಲಿ ಮಾಡಿಸಬೇಕು. ಅದು ತುಂಬಿದ್ದರೆ ಗರ್ಭಕೋಶವೂ ಗಟ್ಟಿಯಾಗಿ ಕುಗ್ಗುವುದಿಲ್ಲ. ಹೊಲಿಗೆಗೆ ಮುನ್ನ ತೊಳೆಯುವ ಔಷಧದ ನೀರು ಮೂರನೆಯ ಶತ್ರು. ತೊಳೆಯುವ ಮುಂಚೆ ಒಮ್ಮೆ, ತೊಳೆದ ಮೇಲೆ ಒಮ್ಮೆ ಮಟ್ಟ ಓದಿದರೆ ಲೆಕ್ಕ ಉಳಿಯುತ್ತದೆ. ಕತ್ತರಿಸಿದ ಗಾಯದಿಂದ ಬಂದ ರಕ್ತವನ್ನು ಮಾತ್ರ ಕಳೆಯಬಾರದು, ಅದೂ ತಾಯಿಯ ರಕ್ತವೇ.

ಗಾಜ್, ಪ್ಯಾಡ್‌ಗಳಿಗೆ ತಕ್ಕಡಿ ಬೇಕು. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹೊಸ ಬಂಡಲ್ ಬಂದಾಗೆಲ್ಲ ಒಣ ತೂಕ ತೆಗೆದು ಗೋಡೆಗೆ ಅಂಟಿಸುತ್ತೇವೆ. ಕಂಪನಿ ಬದಲಾದರೆ ತೂಕವೂ ಬದಲು. ನೆಂದ ಪ್ಯಾಡ್‌ಗಳು 145 ಗ್ರಾಂ, ಅವುಗಳ ಒಣ ತೂಕ 40 ಅಂದುಕೊಳ್ಳಿ. ಉಳಿದ 105ನ್ನು ರಕ್ತದ ಸಾಂದ್ರತೆ 1.06ರಿಂದ ಭಾಗಿಸಿದರೆ ಸುಮಾರು 99 ಮಿ.ಲೀ. ಭಾಗಾಕಾರ ಬೇಡವೆನ್ನುವ ಕಡೆ ಒಂದು ಗ್ರಾಂಗೆ ಒಂದು ಮಿ.ಲೀ. ಎಂದೇ ಹಿಡಿಯಿರಿ, ಆದರೆ ಅಧ್ಯಯನ ಮುಗಿಯುವ ತನಕ ಒಂದೇ ವಿಧಾನವಿರಲಿ. ಸಿಜೇರಿಯನ್‌ನಲ್ಲಿ ರಕ್ತ ಹೀರುವ ಸಕ್ಷನ್ ಬಾಟಲಿ, ರಕ್ತ ಒರೆಸುವ ಬಟ್ಟೆಗಳ (ಮಾಪ್) ಲೆಕ್ಕ ಬೇರೆಯೇ; ಅದನ್ನು ಇದರೊಡನೆ ಬೆರೆಸಬಾರದು.

ಚೀಲ ಓದುವಾಗ ಮಡಿಕೆಗಳಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪುಗಳನ್ನು ಕೆಳಗೆ ತಳ್ಳಿ, ಚೀಲ ನೆಟ್ಟಗೆ ಇಳಿಬಿಟ್ಟು, ಬಗ್ಗಿ ಕಣ್ಣಿನ ಮಟ್ಟದಲ್ಲಿ ನೋಡಬೇಕು. 15 ನಿಮಿಷಕ್ಕೊಮ್ಮೆ ಓದುತ್ತ ಒಂದು ಗಂಟೆ, ರಕ್ತ ನಿಂತಿಲ್ಲವಾದರೆ ಎರಡು ಗಂಟೆ. ಪ್ರತಿ ಸಲವೂ ನಾಡಿ, ಬಿಪಿ, ಗರ್ಭಕೋಶದ ಮೇಲೆ ಕೈ. ತರಬೇತಿಯಲ್ಲಿ ಕುಂಕುಮ ಕದಡಿದ ನೀರನ್ನು ಅಳೆದು ಸುರಿದು ಎಲ್ಲರಿಂದಲೂ ಓದಿಸುತ್ತೇವೆ. ಮೊದಲು ಕಣ್ಣಂದಾಜು ಹೇಳಿಸಿ ಆಮೇಲೆ ಗೆರೆ ನೋಡಿಸಿದರೆ ಬೇರೆ ಉಪನ್ಯಾಸ ಬೇಕಿಲ್ಲ.

ವಾರಕ್ಕೊಮ್ಮೆ ಫಾರ್ಮ್‌ಗಳನ್ನು ಹರಡಿಕೊಂಡಾಗ ನೋಡುವುದು ಸರಾಸರಿಯನ್ನಲ್ಲ, 500ರ ಆಸುಪಾಸನ್ನು. 480, 490 ರಾಶಿ ಬಿದ್ದು 510, 520 ಕಾಣದಿದ್ದರೆ ಯಾರೋ ಗೆರೆ ದಾಟಿಸಲು ಹೆದರಿದ್ದಾರೆ ಎಂದರ್ಥ. ಹೆಚ್ಚು ಬರೆದವರನ್ನೇ ಮೀಟಿಂಗ್‌ನಲ್ಲಿ "ಯಾಕೆ ಇಷ್ಟಾಯಿತು" ಎಂದು ಕೇಳುವ ಕಡೆಯೆಲ್ಲ ಹೀಗಾಗುತ್ತದೆ. ಹೆಚ್ಚು ಬರೆದ ಸಿಸ್ಟರ್‌ಗೆ ಬೈಗುಳ ಬೀಳದಂತೆ ಮುಂಚೆಯೇ ಮೇಲಿನವರೊಂದಿಗೆ ಮಾತಾಡಿಕೊಳ್ಳದೆ ಅಧ್ಯಯನ ಶುರುಮಾಡಬೇಡಿ.

ಅಳೆಯುತ್ತ ಕಾಯುವುದಂತೂ ಸಲ್ಲದು. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆಯಿತು. ಚೀಲದ ಅಳತೆಯನ್ನು ತಕ್ಷಣದ ಚಿಕಿತ್ಸೆಗೆ ಕಟ್ಟಿಹಾಕಿದ ಕಡೆ ಶೇ 93 ಪ್ರಕರಣ ಪತ್ತೆಯಾದವು, ಉಳಿದೆಡೆ ಶೇ 51. 500 ಮಿ.ಲೀ. ಆದರಂತೂ ಚಿಕಿತ್ಸೆ ಶುರುವಾಗಲೇಬೇಕು. 300 ಆಗಿ ನಾಡಿ 100 ದಾಟಿದ್ದರೂ, ಮೇಲಿನ ಬಿಪಿ 100ಕ್ಕಿಂತ ಇಳಿದಿದ್ದರೂ ನಾವು ಶುರುಮಾಡುತ್ತೇವೆ: ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತನಾಳಕ್ಕೆ 10 ನಿಮಿಷದಲ್ಲಿ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಒಂದು ಗ್ರಾಂ, ಡ್ರಿಪ್, ಮಾಸಿನ ಚೂರೋ ಹರಿದ ಗಾಯವೋ ಇದೆಯೇ ಎಂದು ಪರೀಕ್ಷೆ. ಒಂದು ಫಲಿಸದಿದ್ದರೆ ಇನ್ನೊಂದು ಎಂದಲ್ಲ, ಎಲ್ಲವೂ ಒಟ್ಟಿಗೆ. ಟ್ರಾನೆಕ್ಸಾಮಿಕ್ ಆ್ಯಸಿಡ್ ಹೆರಿಗೆಯಾಗಿ ಮೂರು ಗಂಟೆಯೊಳಗೆ ಹೋಗಬೇಕು; ಪ್ರತಿ 15 ನಿಮಿಷದ ವಿಳಂಬಕ್ಕೆ ಅದರ ಪ್ರಯೋಜನ ಸುಮಾರು ಶೇ 10ರಷ್ಟು ಇಳಿಯುತ್ತದೆ. ಆಕ್ಸಿಟೋಸಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಟ್ರೇನಲ್ಲಿ ದಿನಗಟ್ಟಲೆ ಬಿದ್ದಿರುವ ಆಂಪೂಲನ್ನು ನಂಬಬೇಡಿ.

ಚೀಲಕ್ಕೆ ಕಾಣದ ರಕ್ತವೂ ಇದೆ. ಗರ್ಭಕೋಶದೊಳಗೇ ಹೆಪ್ಪುಗಟ್ಟಿ ನಿಲ್ಲಬಹುದು, ಹೊಲಿಗೆಯ ಒಳಗೆ ಹೆಪ್ಪುಗಟ್ಟಬಹುದು. ಚೀಲದಲ್ಲಿ 150 ಇದ್ದು ನಾಡಿ 120 ಓಡುತ್ತಿದ್ದರೆ ಫಾರ್ಮ್ ಬದಿಗಿಟ್ಟು ಹೊಟ್ಟೆ ಮುಟ್ಟಿ ನೋಡುತ್ತೇವೆ, ಡಾಕ್ಟರನ್ನು ಕರೆಯುತ್ತೇವೆ. ಆ ಹೊತ್ತಿನ ನಾಡಿ, ಬಿಪಿಯನ್ನು ಆಮೇಲೆ 150ರ ಪಕ್ಕದಲ್ಲೇ ಬರೆಯುತ್ತೇವೆ.